ಮಳೆಗೊಂದು ಬೆರಳು

ಅಳತೆ ಸರಿಯಾಗಿಯೇ ಇತ್ತು. ಆದರೂ ಮಾಳಪ್ಪ ಮೂರನೆಯ ಸಲ ಟೇಪು ಬಿಚ್ಚಿ, ಹಿಂದಿನ ಕಮಾನಿಗೆ ಅದರ ತುದಿ ಸಿಕ್ಕಿಸಿ, ಮುಂದಿನ ಕಮಾನಿನವರೆಗೆ ಎಳೆದುಕೊಂಡು ಹೋದ. ಅಳೆಯುತ್ತ ಇದ್ದಷ್ಟು ಹೊತ್ತು ಮುಂದಿನ ಕೆಲಸ ಬರುವುದಿಲ್ಲವಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ. ನಾಸಿಕದ ಪಂಚವಟಿಯ ಓಣಿಯೊಂದರಲ್ಲಿ ಸದಾನಂದ ಶೆಟ್ಟರ ಹೋಟೆಲು; ಅದರ ಹಿಂದೆ ಪಾತ್ರೆ ತೊಳೆಯುವ ಅಂಗಳ; ಅಂಗಳದ ನಡುವೆ, ಹರಾಜಿನಲ್ಲಿ ಹಿಡಿದು ತಂದ ಹಳೆಯ ಮಿಲಿಟರಿ ಪಿಕಪ್ ಗಾಡಿ. ಮೈತುಂಬ ಮಾಸಿದ ಹಸಿರು, ಬಣ್ಣ ಬಳಿದು ಮುಚ್ಚಿದರೂ ಬಾಗಿಲ ಮೇಲೆ ಇಣುಕುವ ಹಳೆಯ ನಂಬರು, ಹಿಂದಿನ ತೊಟ್ಟಿಯ ಮೇಲೆ ನಾಲ್ಕು ಕಬ್ಬಿಣದ ಕಮಾನು. ಆ ಕಮಾನುಗಳಿಗೆ ತಾನು ಹೊಲಿದು ತಂದ ಹೊಸ ಕ್ಯಾನ್ವಾಸಿನ ಹೊದಿಕೆ ತೊಡಿಸಿ ಕೊಡುವುದು ಮಾಳಪ್ಪನ ಕೆಲಸ. ಮನ್ಮಾಡಿನ ಆಚೆ, ಚಿಕಲಠಾಣಾದ ತಗಡಿನ ಶೆಡ್ಡಿನಲ್ಲಿ ಕೂತು ಮೂವತ್ತೈದು ವರ್ಷ ಅವನು ಮಾಡಿದ್ದು ಇದನ್ನೇ. ಹೊಲಿಯುವುದಕ್ಕೆ ಅವನಿಗೆ ಹೆದರಿಕೆ ಇರಲಿಲ್ಲ. ತೊಡಿಸುವುದಕ್ಕೂ ಇರಲಿಲ್ಲ. ತೊಡಿಸಿ ಕಟ್ಟಿದ ಮೇಲೆ ಇನ್ನೊಂದು ಕೆಲಸ ಇರುತ್ತದೆ, ಹೆದರಿಕೆಯೆಲ್ಲ ಅದಕ್ಕೆ.

ಬೆಳಕು ನೋಡುವುದು ಅಂತ ಆ ಕೆಲಸಕ್ಕೆ ಹೆಸರು. ಹೊಸ ಕ್ಯಾನ್ವಾಸು ಮೊದಲು ಒಂದು ಸಲ ಹೊಟ್ಟೆತುಂಬ ನೀರು ಕುಡಿಯಬೇಕು. ಕುಡಿದರೆ ನೂಲು ಉಬ್ಬಿ ಸೂಜಿಯ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಮುಚ್ಚದೆ ಉಳಿದ ತೂತು ಯಾವುದು ಅಂತ ಹೊರಗೆ ನಿಂತವನಿಗೆ ಕಾಣುವುದಿಲ್ಲ. ಒಬ್ಬ ಒಳಗೆ ಕೂಡಬೇಕು, ಹಿಂದಿನ ಪರದೆಯನ್ನು ಹೊರಗಿನಿಂದ ಕಟ್ಟಬೇಕು, ಮೇಲಿಂದ ನೀರು ಬಿಡಬೇಕು. ಒಳಗಿನವನು ಬೆಳಕಿನ ಚುಕ್ಕೆ ಕಂಡಲ್ಲಿ, ಹನಿ ಬಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ನಾಲ್ಕು ವರ್ಷದಿಂದ ಮಾಳಪ್ಪ ಒಳಗೆ ಕೂತಿರಲಿಲ್ಲ. ಅಳಿಯ ಸಂಗಮನಾಥ ಕೂಡುತ್ತಿದ್ದ. 'ಮಾವಾರ, ನಿಮ್ಮ ಕಣ್ಣು ಮಂದ ಆಗ್ಯಾವ, ನಾ ನೋಡ್ತೀನಿ ಬಿಡ್ರಿ' ಎಂದು ಅವನಾಗಿಯೇ ಅಂದಿದ್ದ. ಬದುಕಿದೆಯಾ ಬಡಜೀವವೇ ಎಂದುಕೊಂಡು ಮಾಳಪ್ಪ ಹೂಂಗುಟ್ಟಿದ್ದ. ಕಣ್ಣು ಮಂದ ಆಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಮೊನ್ನೆ ಆ ಸಂಗಮನಾಥ ಕಾಲು ಉಳುಕಿಸಿಕೊಂಡು ಮಲಗಿಬಿಟ್ಟ. ನಾಲ್ಕು ವರ್ಷದ ಹಿಂದೆ ಮಾಳಪ್ಪನ ತಮ್ಮ ಶ್ರೀಮಂತ ಇಂಥದೇ ಒಂದು ಹೊದಿಕೆಯೊಳಗೆ ಸತ್ತ, ಮನ್ಮಾಡಿನ ಹತ್ತಿರ, ಹಳ್ಳದ ನೀರಿನಲ್ಲಿ. ಆ ಹೊದಿಕೆ ಹೊಲಿದವನು ಮಾಳಪ್ಪ. ಹಿಂದಿನ ಗಂಟು ಕಟ್ಟಿದವನೂ ಮಾಳಪ್ಪ.

"ಎಂತ ಮಾಳಪ್ಪಣ್ಣ, ಇನ್ನೂ ಅಳತೆಯೇ ಆಗ್ತಾ ಉಂಟಾ?" ಅಡಿಗೆಮನೆಯ ಬಾಗಿಲಲ್ಲಿ ಸದಾನಂದ ಶೆಟ್ಟರು ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಕುಂದಾಪುರದ ಕಡೆಯವರು, ನಾಸಿಕಕ್ಕೆ ಬಂದು ಇಪ್ಪತ್ತೆಂಟು ವರ್ಷವಾದರೂ ಮಾತಿನಲ್ಲಿ ಊರು ಬಿಟ್ಟವರಲ್ಲ. "ಮದುವೆ ಹೆಣ್ಣಿನ ರವಿಕೆಗೂ ಇಷ್ಟು ಸಲ ಅಳೆಯುವುದಿಲ್ಲ ಮಾರಾಯ್ರೆ."

"ಇನ್ನೊಮ್ಮೆ ನೋಡಿದ್ರ ಛಲೋ ಅಲ್ರಿ, ಸಾವಕಾರ್ರ."

"ನೋಡಿ, ನೋಡಿ. ಆದ್ರೆ ನಾಳೆ ಬೆಳಿಗ್ಗೆ ಆರಕ್ಕೆ ಗಾಡಿ ಹೊರಡಬೇಕು ಆಯ್ತಾ. ರಸ್ತೆ ಕೆಲಸದವರಿಗೆ ಅನ್ನ, ಸಾಂಬಾರು, ಪಲ್ಯ ಎಲ್ಲ ಇದರಲ್ಲೇ ಹೋಗುವುದು. ಬಡಿಸ್ಲಿಕ್ಕೆ ಆರು ಜನ ಹೆಂಗಸರೂ ಇದರಲ್ಲೇ. ಹಿಂದಿನ ಪರದೆ ಒಂದು ಗಟ್ಟಿ ಇರಬೇಕು. ಹೊಸ ರಸ್ತೆ ಮಾಡುವ ಜಾಗ, ಧೂಳು ಅಂದ್ರೆ ಧೂಳು." ಶೆಟ್ಟರು ಹತ್ತಿರ ಬಂದು ದನಿ ತಗ್ಗಿಸಿದರು. "ಮತ್ತೆ ಸಾಮಾನಿನ ಗಾಡಿಯಲ್ಲಿ ಜನ ಕೂತದ್ದು ಟ್ರಾಫಿಕ್‌ನವರ ಕಣ್ಣಿಗೆ ಬೀಳಬಾರ್ದು. ಗೊತ್ತಾಯ್ತಲ್ಲ?"

ಗೊತ್ತಾಗದೆ ಏನು. ಆ ಆರು ಜನರಲ್ಲಿ ಒಬ್ಬಳು ದಾನಮ್ಮ, ಶ್ರೀಮಂತನ ಮಗಳು. ಇಲ್ಲಿಯ ಅಡಿಗೆಮನೆಯಲ್ಲಿ ಎರಡು ವರ್ಷದಿಂದ ಇದ್ದಾಳೆ. 'ನಮ್ಮ ದೊಡ್ಡಪ್ಪ ಈ ಕೆಲಸ ಮಾಡ್ತಾರ' ಎಂದು ಶೆಟ್ಟರಿಗೆ ಹೇಳಿ ಈ ಕೆಲಸ ಕೊಡಿಸಿದವಳೂ ಅವಳೇ. ಫೋನಿನಲ್ಲಿ ಅವಳು ಹೇಳಿದಾಗ ಮಾಳಪ್ಪ ಒಲ್ಲೆ ಅನ್ನಬೇಕೆಂದಿದ್ದ. ಒಲ್ಲೆ ಅಂದರೆ ಯಾಕೆ ಅನ್ನುತ್ತಾಳೆ. ಆ ಯಾಕೆಗೆ ಹೆದರಿ ಹೂಂ ಅಂದ. ನಾಲ್ಕು ವರ್ಷದಲ್ಲಿ ಅವನು ಹೂಂ ಅಂದದ್ದೆಲ್ಲ ಹೀಗೇ, ಇನ್ನೊಂದು ಮಾತು ಬಾರದಿರಲಿ ಅಂತ.

ಕ್ಯಾನ್ವಾಸಿನ ಮಡಿಕೆ ಬಿಚ್ಚಿ, ನಡುಭಾಗವನ್ನು ಭುಜದ ಮೇಲೆ ಹೊತ್ತು, ಚಕ್ರದ ಮೇಲೆ ಕಾಲಿಟ್ಟು ಹತ್ತಿ ಕಮಾನುಗಳ ಮೇಲೆ ಬೀಸಿದ. ಅದು ಧಪ್ಪೆಂದು ಬಿದ್ದಿತು, ಹಸಿರು ಮೇಣದ ವಾಸನೆ ಮೂಗಿಗೆ ಅಡರಿತು. ಎಡಗಡೆ ಎಳೆದ, ಬಲಗಡೆ ಎಳೆದ, ಅಂಚಿನ ತೂತುಗಳಿಗೆ ಕೂರಿಸಿದ ಹಿತ್ತಾಳೆಯ ಕಣ್ಣುಗಳನ್ನು ಗಾಡಿಯ ಕೊಕ್ಕೆಗಳಿಗೆ ಸರಿಯಾಗಿ ನಿಲ್ಲಿಸಿ ನೂಲಹಗ್ಗ ಪೋಣಿಸುತ್ತ ಬಂದ. ಮಾಳಪ್ಪ ಎಡಚ; ಅವನ ಹಗ್ಗ ಎಲ್ಲರ ಹಗ್ಗ ತಿರುಗುವ ದಿಕ್ಕಿಗೆ ತಿರುಗುವುದಿಲ್ಲ. ಅದಕ್ಕಾಗಿ ಚಂದ್ರಾಮಪ್ಪ ಉಸ್ತಾದ ಅವನ ಎಡಗೈ ಮಣಿಕಟ್ಟಿಗೆ ಅಡಿಪಟ್ಟಿಯಿಂದ ಎಷ್ಟೋ ಸಲ ಹೊಡೆದಿದ್ದ, ಆಮೇಲೆ ಹಾಳಾಗಿ ಹೋಗು ಎಂದು ಬಿಟ್ಟಿದ್ದ. ಅಣ್ಣ ತಮ್ಮ ಇಬ್ಬರಿಗೂ ಕೈಗೆ ಸೂಜಿ ಕೊಟ್ಟವನು ಆ ಮುದುಕ. ಎಷ್ಟು ಬಿಗಿದರೂ ಕಟ್ಟಕಡೆಗೆ ಎರಡು ಬೆರಳು ಸಡಿಲ ಬಿಡ್ರೋ ಅನ್ನುತ್ತಿದ್ದ. ಒಂದು ಬೆರಳು ಮಳೆ ತಿಂತದ, ಒಂದು ಬೆರಳು ಮನಷ್ಯಾಗ ಉಳೀತದ. ನೂಲು ನೀರು ಕುಡಿದರೆ ಉದ್ದದಲ್ಲಿ ಕುಗ್ಗುತ್ತದೆ, ಹಗ್ಗ ಬಿಗಿಯುತ್ತದೆ, ಬಿಗಿದ ಒದ್ದೆ ಗಂಟನ್ನು ದೇವರು ಬಂದರೂ ಬಿಚ್ಚಲಾರ. ಎರಡು ಬೆರಳು ಬಿಟ್ಟಿದ್ದರೆ ಪರದೆಯ ಸಂದಿಯಿಂದ ಒಂದು ಬೆರಳು ಹೊರಗೆ ಹಾಕಿ, ಗಂಟಿನ ಬಾಲ ಹಿಡಿದು ಜಗ್ಗಿ, ಒಳಗಿನವನು ತಾನೇ ಇಳಿದು ಬರಬಹುದು. ಈ ಕೆಲಸದಲ್ಲಿ ವಿದ್ಯೆ ಅಂತ ಇರುವುದು ಇಷ್ಟೇ.

ತಮ್ಮ ಸತ್ತ ದಿನ ಚಿಕಲಠಾಣಾದಲ್ಲಿ ಮಾಳಪ್ಪ ಮೊದಲು ಎರಡು ಬೆರಳು ಬಿಟ್ಟೇ ಕಟ್ಟಿದ್ದ. ಡೇರೆ ಬಟ್ಟೆಯ ಗಂಟುಗಳನ್ನು ಹೇರಿ, ಕಾವಲಿಗೆ ಶ್ರೀಮಂತ ಒಳಗೆ ಹತ್ತಿ ಕೂತಿದ್ದ. ಸರಕಿನ ಮಾಲೀಕ ಬಂದು ಪರದೆಯನ್ನು ಕೋಲಿನಿಂದ ತಿವಿದು, ಇದೇನು ಕಾಕಾ, ಅಜ್ಜನ ಚಡ್ಡಿ ಹಾಗೆ ಜೋಲುತ್ತಿದೆಯಲ್ಲ ಎಂದು ಮರಾಠಿಯಲ್ಲಿ ಅಂದ. ಹಮಾಲರು ನಕ್ಕರು. ಅವರು ನಕ್ಕದ್ದು ದೊಡ್ಡದಲ್ಲ. ಒಳಗಿನಿಂದ ಶ್ರೀಮಂತನೂ ನಕ್ಕ, ಹೋ ಅಂತ, ಅವನಿಗೆ ಯಾವಾಗಲೂ ನಗು ಜಾಸ್ತಿ. ಮಾಳಪ್ಪನ ಕಿವಿ ಬಿಸಿಯಾದವು. ಹಗ್ಗ ಬಿಚ್ಚಿದ, ಹಿಂದಿನ ಹಲಗೆಗೆ ಕಾಲು ಕೊಟ್ಟು ಮೈಭಾರವೆಲ್ಲ ಬಿಟ್ಟು ಜಗ್ಗಿದ, ಗಂಟಿನ ಮೇಲೆ ಗಂಟು ಹಾಕಿದ. 'ಅಣ್ಣಾ, ಬೆರಳು ಬಿಟ್ಟೀಯಿಲ್ಲೋ' ಎಂದು ತಮ್ಮ ಒಳಗಿನಿಂದ ಕೇಳಿದ. ಮಾಳಪ್ಪ ಉತ್ತರ ಕೊಡಲಿಲ್ಲ. ಸಿಟ್ಟು ಇಳಿದು ಹಿಂದೆ ತಿರುಗಿ ನೋಡುವುದರೊಳಗೆ ಗಾಡಿ ಜಾಲನಾ ರಸ್ತೆ ಸೇರಿತ್ತು. ಸಂಜೆ ಮನ್ಮಾಡಿನ ಹತ್ತಿರ ಮಳೆ ಬಂತು, ಗಾಡಿ ಹಳ್ಳಕ್ಕೆ ಜಾರಿತು, ಡ್ರೈವರು ಈಜಿ ದಡ ಸೇರಿದ. ಜನ ಕುಡುಗೋಲು ತಂದು ಹಗ್ಗ ಕೊಯ್ಯುವ ಹೊತ್ತಿಗೆ ಎಲ್ಲ ಮುಗಿದಿತ್ತು. 'ಗಂಟು ಬಿಚ್ಚಲಿಲ್ಲ ಚಾಚಾ' ಎಂದು ಡ್ರೈವರು ಅವನ ಕೈ ಹಿಡಿದು ಅತ್ತು, ಮರುದಿನವೇ ಎಲ್ಲಿಗೋ ಹೋಗಿಬಿಟ್ಟ. ಊರಿಗೆಲ್ಲ ಮಾಳಪ್ಪ ಹೇಳಿದ್ದು ಒಂದೇ ಮಾತು: ಸೆಳವಿತ್ತು, ನೀರು ಎಳಕೊಂಡು ಹೋಯ್ತು. ತಮ್ಮನ ಹೆಂಡತಿ ಚನಬಸವ್ವ ಆ ಮಾತು ಕೇಳಿ ಅವನ ಮುಖವನ್ನೇ ನೋಡುತ್ತ ಕೂತಿದ್ದಳು.

ನಾಲ್ಕು ವರ್ಷ ಅವನು ಮನ್ಮಾಡಿನ ದಾರಿ ತುಳಿದಿರಲಿಲ್ಲ. ನಾಸಿಕಕ್ಕೆ ಬರುವುದಿದ್ದರೆ ಬಸ್ಸು ಹಿಡಿದು ಯೇವಲಾದ ಮೇಲೆ ಬರುತ್ತಿದ್ದ. ಇವತ್ತು ಇಷ್ಟು ದೊಡ್ಡ ಗಂಟು ನೋಡಿ ಕಂಡಕ್ಟರು ಹತ್ತಿಸಲಿಲ್ಲ, ರೈಲೇ ಗತಿಯಾಯಿತು. ಮನ್ಮಾಡಿನಲ್ಲಿ ರೈಲು ನಿಂತದ್ದು ಎಷ್ಟು ಹೊತ್ತೋ. ಮಾಳಪ್ಪ ಕ್ಯಾನ್ವಾಸಿನ ಗಂಟಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡು, ಚಹಾ ಮಾರುವವನು ಭುಜ ಮುಟ್ಟಿದರೂ ಕಣ್ಣು ತೆರೆಯಲಿಲ್ಲ. ಕಣ್ಣು ಮುಚ್ಚಿದರೂ ಹೋ ಎಂಬ ಆ ನಗು ಕೇಳಿಸಿತು. ತಮ್ಮನ ಅಳು ಕೇಳಿಸಿದ್ದರೆ ತಡೆದುಕೊಳ್ಳಬಹುದಿತ್ತು.

"ಇದೆಂತದು ಮಾರಾಯ್ರೆ, ಬದಿಯಲ್ಲೆಲ್ಲ ಜೋಲ್ತಾ ಉಂಟು." ಶೆಟ್ಟರು ಮತ್ತೆ ಬಂದಿದ್ದರು. ಕೆಟ್ಟ ಮನಸ್ಸಿನವರಲ್ಲ, ಬೆಳಿಗ್ಗೆ ಬಂದ ಕೂಡಲೇ ಕೂರಿಸಿ ಇಡ್ಲಿ ತಿನ್ನಿಸಿದ್ದರು. ಆದರೆ ಜೋಲ್ತಾ ಎಂಬ ಮಾತು ಬಿದ್ದದ್ದೇ ಮಾಳಪ್ಪನ ಕೈ ತಾನಾಗಿಯೇ ಹಗ್ಗಕ್ಕೆ ಹೋಯಿತು, ಕಾಲು ಹಲಗೆಗೆ ಹೋಯಿತು. ಜಗ್ಗಿದ. ಕ್ಯಾನ್ವಾಸು ತಮಟೆಯ ಹಾಗೆ ಬಿಗಿಯಿತು. "ಹಾಂ, ಈಗ ಚಂದ ಆಯ್ತು ನೋಡಿ" ಎಂದು ಶೆಟ್ಟರು ಅದರ ಮೇಲೆ ಬೆರಳಿನಿಂದ ಬಾರಿಸಿ ನಕ್ಕರು. ಮಾಳಪ್ಪ ತನ್ನ ಕಾಲನ್ನೇ ನೋಡಿಕೊಂಡ. ಆ ಕಾಲು ಅವನನ್ನು ಕೇಳದೆಯೇ ಹಲಗೆ ಏರಿತ್ತು. ನಾಳೆಯೂ ಯಾರೋ ಏನೋ ಅಂದರೆ ಹೀಗೇ ಏರುತ್ತದೆ. ಒಳಗೆ ಕೂತವಳು ದಾನಮ್ಮನಾದರೂ ಏರುತ್ತದೆ.

ಶೆಟ್ಟರ ಹೆಂಡತಿ ಸುಗುಣಾ ಒಳಗಿನಿಂದ ಕರೆದರು. ಶೆಟ್ಟರು ಹೋಗುತ್ತ, "ದಾನಮ್ಮ, ದೊಡ್ಡಪ್ಪನಿಗೆ ಸ್ವಲ್ಪ ಪೈಪ್ ಹಿಡ್ಕೊ" ಎಂದು ಕೂಗಿ ಹೋದರು. ದಾನಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. ಇಪ್ಪತ್ನಾಲ್ಕು ವರ್ಷ, ಅಪ್ಪನದೇ ಅಗಲ ಹಣೆ; ನಗು ಮಾತ್ರ ಅಪ್ಪನದಲ್ಲ, ನಗುವುದೇ ಕಡಿಮೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ನೀನಽ ಒಳಗ ಕೂಡವ್ವಾ, ನಾ ನೀರು ಬಿಡ್ತೀನಿ ಎಂಬ ಮಾತು ಮಾಳಪ್ಪನ ತುಟಿಯವರೆಗೆ ಬಂತು. ಸತ್ತ ತಮ್ಮನ ಮಗಳನ್ನು ಒಳಗೆ ಕಳಿಸಿ ತಾನು ಹೊರಗೆ ಬಿಸಿಲಿನಲ್ಲಿ ನಿಲ್ಲುವ ಮಾತು. ಛೀ, ಎಂದುಕೊಂಡು ಅದನ್ನು ನುಂಗಿದ. ಅದು ತುಟಿಯವರೆಗೆ ಬಂದದ್ದಂತೂ ಸುಳ್ಳಲ್ಲ.

"ಹತ್ತು ದೊಡ್ಡಪ್ಪ. ಪರದೆ ನಾ ಕಟ್ತೀನಿ."

"ನಿಂಗ ಬರತೈತೇನು?"

"ಅಪ್ಪ ಕಲಿಸ್ಯಾನ."

ಹತ್ತಿದ. ಹಿಂದೆ ಪರದೆಯ ಎರಡು ತುದಿ ಒಂದರ ಮೇಲೊಂದು ಬಂದವು, ಹಗ್ಗ ಹಿತ್ತಾಳೆಯ ಕಣ್ಣುಗಳಲ್ಲಿ ಸರಸರ ಓಡಿತು, ಕಡೆಯ ಜಗ್ಗಿಗೆ ಗಾಡಿ ಒಂದಿಷ್ಟು ಅಲುಗಿತು. ಆಮೇಲೆ ಕತ್ತಲೆ. ಪೂರ್ತಿ ಕತ್ತಲೆಯಲ್ಲ, ಕೊಳದ ತಳದಲ್ಲಿ ಇರುವಂಥ ಹಸಿರು ಮಬ್ಬು. ಹೊಲಿಗೆಯ ಉದ್ದಕ್ಕೂ ಬೆಳಕಿನ ಚುಕ್ಕೆಗಳು, ಕಪ್ಪು ಕಂಬಳಿಯ ಮೇಲೆ ಚೆಲ್ಲಿದ ಅಕ್ಕಿಯ ಹಾಗೆ. ಮಾಳಪ್ಪ ಮೊಣಕಾಲು ಮಡಚಿ ಕೂತು ಸೀಮೆಸುಣ್ಣ ಹಿಡಿದ. ಅಷ್ಟೊತ್ತಿಗೆ ನೀರು ಬಿತ್ತು. ತಲೆಯ ಮೇಲೆ, ಎರಡು ಬದಿಗೆ, ಇಡೀ ಕ್ಯಾನ್ವಾಸು ಒಂದೇ ಸಮನೆ ಮೊರೆಯತೊಡಗಿತು. ಇದು ಪೈಪಿನ ನೀರು, ಇದು ನಾಸಿಕ, ಹೊರಗೆ ಹಗಲಿದೆ ಎಂದು ತನಗೆ ತಾನೇ ಹೇಳಿಕೊಂಡ. ಚುಕ್ಕೆಗಳು ಒಂದೊಂದಾಗಿ ಮುಚ್ಚತೊಡಗಿದವು. ಅದು ಒಳ್ಳೆಯ ಕೆಲಸದ ಲಕ್ಷಣ. ಒಂದು ಚುಕ್ಕೆಯೂ ಉಳಿಯದ ಹೊದಿಕೆ ಅಂತ ಮಾಲೀಕರು ಅವನ ಹೆಸರು ಹೇಳುತ್ತಿದ್ದದ್ದೇ ಇದಕ್ಕೆ. ಈಗ ಪ್ರತಿ ಚುಕ್ಕೆ ಆರಿದಾಗಲೂ ಅವನ ಕಣ್ಣು ಮುಂದಿನದಕ್ಕೆ ಓಡುತ್ತಿತ್ತು. ಒಂದಾದರೂ ಉಳಿಯಲಿ, ಕೈತಪ್ಪಿ ಹಾಕಿದ ಒಂದು ಹೊಲಿಗೆಯಾದರೂ ಇರಲಿ ಎಂದು ಹುಡುಕಿದ. ಶ್ರೀಮಂತನೂ ಹೀಗೆ ಹುಡುಕಿರಬೇಕು. ಅಣ್ಣನ ಕೈಯ ಅಚ್ಚುಕಟ್ಟಿನ ಮೇಲೆ ಅವನಿಗೆ ಎಷ್ಟು ಹೆಮ್ಮೆ ಇತ್ತು. ಕಡೆಯ ಚುಕ್ಕೆ ಬಲಗಡೆಯ ಮೂಲೆಯಲ್ಲಿತ್ತು, ನೋಡುತ್ತಿದ್ದ ಹಾಗೇ ಅದೂ ಹೋಯಿತು.

ಎಲ್ಲೋ ಹಗ್ಗ ಕಿರುಗುಟ್ಟಿತು. ನೂಲು ನೀರು ಕುಡಿದು ಬಿಗಿಯುವ ಸದ್ದು ಅದು, ಮಾಳಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅಂಬೆಗಾಲಿಟ್ಟು ಹಿಂದಿನ ಪರದೆಯವರೆಗೆ ಹೋಗಿ ದೂಡಿದ. ಗೋಡೆ. ಭುಜ ಕೊಟ್ಟ. ಗೋಡೆಯೇ. ಸೀಮೆಸುಣ್ಣ ಎಲ್ಲಿ ಬಿತ್ತೋ, ಎರಡೂ ಅಂಗೈಯಿಂದ ಪರದೆಯನ್ನು ಗುದ್ದಿದ. "ದಾನಮ್ಮಾ, ಸಾಕವ್ವಾ." ನೀರು ಬೀಳುತ್ತಲೇ ಇತ್ತು. "ದಾನಮ್ಮಾ, ನೀರು ಬಂದ್ ಮಾಡು." ನೀರು ನಿಂತಿತು. ಹನಿಗಳು ಮಾತ್ರ ತೊಟ್ಟಿಕ್ಕುತ್ತಿದ್ದವು. ಗಂಟು ಬಿಚ್ಚಲು ಬರುವ ಹೆಜ್ಜೆಯ ಸಪ್ಪಳ ಕೇಳಬೇಕಿತ್ತು, ಕೇಳಲಿಲ್ಲ. ದೂರದ ರಸ್ತೆಯಲ್ಲಿ ಒಂದು ರಿಕ್ಷಾ ಹಾರ್ನು ಹೊಡೆದುಕೊಂಡು ಹೋಯಿತು. ಬಿಟ್ಟು ಹೋದಳು, ಅಂದುಕೊಂಡ. ಇಷ್ಟಕ್ಕೇ ಕರೆಸಿದ್ದು, ಅಂದುಕೊಂಡ. "ಬಿಚ್ಚವ್ವಾ" ಎಂದು ಕೂಗಿದ.

"ದೊಡ್ಡಪ್ಪ." ಮಾತು ಪರದೆಯ ಆಚೆ, ಕಿವಿಯ ಹತ್ತಿರವೇ ಇತ್ತು. "ಅಪ್ಪಗೂ ಹಿಂಗಽ ಕತ್ತಲ ಇತ್ತೇನು?"

ಅವನು ಬಾಯಿ ತೆರೆದ. ಸೆಳವಿತ್ತವ್ವಾ, ನೀರು ಎಳಕೊಂಡು ಹೋಯ್ತು. ನಾಲ್ಕು ವರ್ಷ ಹೇಳಿ ಹೇಳಿ ಬಾಯಿಪಾಠವಾದ ಮಾತು, ಈ ಕತ್ತಲೆಯಲ್ಲಿ ಕೂತು ಅದನ್ನು ಹೇಳಲಾಗಲಿಲ್ಲ.

"ಹಗ್ಗದ ತುಂಡು ಅವ್ವನ ಟ್ರಂಕಿನ್ಯಾಗ ಐತಿ" ಎಂದಳು ದಾನಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಇನ್ನಷ್ಟು ಹೆದರಿಸಿತು. "ಪೊಲೀಸ್ರು ಅಪ್ಪನ ಸಾಮಾನದ ಜೋಡಿ ಕೊಟ್ಟಿದ್ರು. ಕೊಯ್ದ ಹಗ್ಗ. ಗಂಟು ಹಂಗಽ ಐತಿ, ಇನ್ನೂ ಬಿಚ್ಚಿಲ್ಲ. ಎಡಗೈ ಗಂಟು. ಅವ್ವ ಅವತ್ತಽ ಗುರ್ತು ಹಿಡದ್ಳು."

ಅವತ್ತೇ. ಹಾಗಾದರೆ ಚನಬಸವ್ವ ಅವನ ಮುಖ ನೋಡುತ್ತ ಕೂತಾಗಲೇ ಅವಳಿಗೆ ಗೊತ್ತಿತ್ತು. ಹಬ್ಬಕ್ಕೆ ಹೋದಾಗಲೆಲ್ಲ ಬಿಸಿ ರೊಟ್ಟಿ ತಟ್ಟಿ ಬಡಿಸಿದಾಗ ಗೊತ್ತಿತ್ತು, ಇನ್ನೊಂದು ಹಾಕ್ಕೊಳ್ರಿ ಭಾವಾ ಎಂದಾಗ ಗೊತ್ತಿತ್ತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಅವನು ಉಂಡೆದ್ದು ಬಂದದ್ದನ್ನು ಆ ಮನೆಯವರೆಲ್ಲ ನೋಡುತ್ತಲೇ ಇದ್ದರು.

"ಯಾಕ ಕೇಳಲಿಲ್ಲವ್ವಾ, ಯಾರೂ?"

"ಅವರಽ ಹೇಳ್ತಾರ, ತಡಿ, ಅಂದ್ಳು ಅವ್ವ. ತಡದ್ವಿ. ನಾಲ್ಕು ವರ್ಷ ಆತು ದೊಡ್ಡಪ್ಪ. ನಾಳೆಯಿಂದ ನಾ ಇದರಾಗ ಕೂಡಾಕಿ. ನಂಗ ತಡಿಯಾಕ ಆಗಲಿಲ್ಲ."

ಮಾಳಪ್ಪ ಹಣೆಯನ್ನು ಒದ್ದೆ ಕ್ಯಾನ್ವಾಸಿಗೆ ಒತ್ತಿದ. ಆಚೆಯಿಂದ ಅವಳ ಉಸಿರು ಕೇಳುತ್ತಿತ್ತು. "ನಾನಽ ಕಟ್ಟಿದೆ. ಬೆರಳು ಬಿಟ್ಟಿದ್ದಿಲ್ಲ. ಅಂವ ನಕ್ಕ, ನನಗ ಸಿಟ್ಟು ಬಂತು. ಅಷ್ಟಽ. ಬ್ಯಾರೆ ಏನೂ ಇಲ್ಲ, ನಕ್ಕ ಅಂತ. ಬೆರಳು ಬಿಟ್ಟೀಯಿಲ್ಲೋ ಅಂತ ಒಳಗಿಂದ ಕೇಳಿದ. ನಾ ಮಾತಾಡಲಿಲ್ಲ. ಹೂಂ ಅಂತನೂ ಅನಲಿಲ್ಲ, ಇಲ್ಲ ಅಂತನೂ ಅನಲಿಲ್ಲ." ಆಮೇಲೆ ಅವನು ಅತ್ತ. ಅರವತ್ತೊಂದು ವರ್ಷದ ಗಂಡಸು, ಕತ್ತಲೆಯಲ್ಲಿ ಮೊಣಕಾಲೂರಿ, ಮೂಗು ಸುರಿಸಿಕೊಂಡು ಅತ್ತ. ಇನ್ನು ಅವಳು ಬಿಚ್ಚುವುದಿಲ್ಲ, ಬಿಚ್ಚಬೇಕಾದದ್ದೂ ಇಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ಬೆರಳು ಹಾಕಿ ನೋಡು" ಎಂದಳು ದಾನಮ್ಮ.

ಅವನಿಗೆ ತಿಳಿಯಲಿಲ್ಲ. "ಸಂದ್ಯಾಗ ಬೆರಳು ಹಾಕು" ಎಂದಳು ಮತ್ತೆ. ಪರದೆಗಳು ಕೂಡುವ ಜಾಗವನ್ನು ತಡಕಿದ. ಇಷ್ಟು ಹೊತ್ತು ಅಂಗೈಯಿಂದ, ಭುಜದಿಂದ ಗುದ್ದಿದ್ದನೇ ಹೊರತು ಬೆರಳು ಹಾಕಿ ನೋಡಿರಲಿಲ್ಲ. ಇಲ್ಲಿ ಬೆರಳಿಗೆ ಜಾಗವಿರುತ್ತದೆ ಎಂಬುದನ್ನೇ ಅವನು ಮರೆತಿದ್ದ. ಎಡಗೈಯ ತೋರುಬೆರಳು ಸಂದಿಯಲ್ಲಿ ಹೋಯಿತು, ಸಲೀಸಾಗಿ ಅಲ್ಲ, ಉಜ್ಜಿಕೊಂಡು ಹೋಯಿತು. ಆಚೆ ಬಿಸಿಲು ತಗುಲಿತು. ಗಂಟಿನ ಬಾಲ ಅಲ್ಲೇ ಇತ್ತು. ಕೊಕ್ಕೆ ಮಾಡಿ ಹಿಡಿದು ಜಗ್ಗಿದ. ಒದ್ದೆ ಹಗ್ಗ ಒಂದು ಸಲ ಹಟ ಮಾಡಿ ಸರ್ರನೆ ಬಿಚ್ಚಿಕೊಂಡಿತು. ಎರಡು ಬೆರಳು ಬಿಟ್ಟಿದ್ದಳು. ಒಂದನ್ನು ನೀರು ತಿಂದಿತ್ತು. ಇಷ್ಟು ಹೊತ್ತೂ ಅವನು ಇಳಿದು ಬರಬಹುದಾಗಿತ್ತು.

ಇಳಿದಾಗ ಅವಳು ಬೆನ್ನು ಹಾಕಿ ಪೈಪು ಸುತ್ತುತ್ತಿದ್ದಳು. ಮಾಳಪ್ಪ ಬಿಗಿದಿದ್ದ ಬದಿಯ ಹಗ್ಗಗಳನ್ನು ಕೊಕ್ಕೆಯಿಂದ ಒಂದೊಂದಾಗಿ ಜಾರಿಸಿ ಸಡಿಲಿಸತೊಡಗಿದ. ಅಷ್ಟರಲ್ಲಿ ಶೆಟ್ಟರು ಬಂದರು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಬದಿಯ ಹಗ್ಗದ ಕೆಳಗೆ ಬೆರಳಾಡಿಸಿದರು. "ಇದೆಂತ ಮಾರಾಯ್ರೆ, ಬೆರಳು ಹೋಗ್ತದೆ ಇಲ್ಲಿ. ಮತ್ತೆ ಜೋಲ್ತಾ ಉಂಟಲ್ಲ."

ಮಾಳಪ್ಪನ ಕಾಲು ಹಲಗೆಯ ಕಡೆ ಒಂದಿಷ್ಟು ಸರಿಯಿತು. ಅದನ್ನು ಅವನು ನೆಲಕ್ಕೆ ಒತ್ತಿ ಹಿಡಿದ. "ಹೋಗಬೇಕ್ರಿ ಸಾವಕಾರ್ರ."

"ಧೂಳು ಬರ್ತದಲ್ಲ?"

"ಧೂಳು ಬಂದ್ರ ಜಾಡಿಸಿದ್ರ ಹೋಗ್ತೈತ್ರಿ. ಹೆಣ್ಮಕ್ಕಳು ಕೂಡೂ ಗಾಡಿ ಇದು. ನಾ ಮೊದಲೊಮ್ಮೆ ಬೆರಳು ಬಿಡದ ಕಟ್ಟೀನ್ರಿ. ನನ್ನ ತಮ್ಮ ಒಳಗಿದ್ದ, ಹೊರಗ ಬರಲಿಲ್ಲ." ಅದನ್ನು ಹೊರಗಿನ ಮನುಷ್ಯನೊಬ್ಬನಿಗೆ, ಹಾಡಹಗಲು, ನಿಂತುಕೊಂಡು ಹೇಳಿದ್ದ. ಭೂಮಿ ಬಾಯಿ ಬಿಡಲಿಲ್ಲ. "ಈ ಬೆರಳು ಬ್ಯಾಡ ಅಂದ್ರ ಹೇಳ್ರಿ. ಇದನ್ನ ಬಿಚ್ಚಿಕೊಂಡು ಹೋಗ್ತೀನಿ."

ಶೆಟ್ಟರು ಅವನ ಮುಖ ನೋಡಿದರು, ದಾನಮ್ಮನ ಬೆನ್ನು ನೋಡಿದರು. "ಇರ್ಲಿ ಮಾರಾಯ್ರೆ" ಎಂದರು ಸಣ್ಣ ದನಿಯಲ್ಲಿ. "ನಂಗೆಂತ ಗೊತ್ತು. ನಿಮ್ಮ ಕೆಲಸ ನಿಮಗೆ ಗೊತ್ತುಂಟು." ಒಳಗೆ ಹೋದರು.

ದಾನಮ್ಮ ಪೈಪನ್ನು ಗೋಡೆಯ ಮೊಳೆಗೆ ತೂಗು ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಮೇಲೆ ಕೈಯೂರಿ ಗಾಡಿಯೊಳಗೆ ಹತ್ತಿದಳು. ಹತ್ತಿ ತಿರುಗಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಈಗ ನೀ ಕಟ್ಟು ದೊಡ್ಡಪ್ಪ."

"ಬ್ಯಾಡವ್ವಾ. ನನ್ನ ಕೈಲಿ ಬ್ಯಾಡ."

"ನೀನಽ ಕಟ್ಟು. ಎಡಗೈಲೇ ಕಟ್ಟು."

ಅವಳೇ ಒಳಗಿನಿಂದ ಪರದೆಯ ಎರಡು ತುದಿ ಎಳೆದು ಕೂಡಿಸಿದಳು, ಮುಖ ಮರೆಯಾಯಿತು. ಮಾಳಪ್ಪ ಹಗ್ಗ ತೆಗೆದುಕೊಂಡ. ಹಿತ್ತಾಳೆಯ ಕಣ್ಣಿನಿಂದ ಕಣ್ಣಿಗೆ ಪೋಣಿಸುತ್ತ ಹೋದ, ಕೈ 'ಬಿಗಿ, ಬಿಗಿ' ಅನ್ನುತ್ತಿತ್ತು, ಅದನ್ನು ತಡೆದು ತಡೆದು ಪೋಣಿಸಿದ. ಬಲಗೈಯ ಎರಡು ಬೆರಳನ್ನು ಸಂದಿಯಲ್ಲಿ ಅಡ್ಡ ಇಟ್ಟು ಎಡಗೈಯಿಂದ ಗಂಟು ಹಾಕಿದ. ಬೆರಳು ತೆಗೆದ. ಗಂಟು ಮತ್ತೊಮ್ಮೆ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಒಳಗೆ ಏನೂ ಸದ್ದಿರಲಿಲ್ಲ. ಗಂಟು ಬಿಚ್ಚಲು ಕೈ ಮುಂದೆ ಚಾಚಿದ, ಮತ್ತೆ ಹಿಂದೆ ತೆಗೆದುಕೊಂಡ. ಆಮೇಲೆ ಆ ಸಂದಿಯಿಂದ ಒಂದು ಬೆರಳು ಹೊರಗೆ ಬಂತು, ಅರಿಶಿನ ಹತ್ತಿದ ಉಗುರಿನದು. ಅದು ಅತ್ತ ತಡಕಿತು, ಇತ್ತ ತಡಕಿತು, ಹಗ್ಗದ ಬಾಲವನ್ನು ಹಿಡಿಯಿತು.